ಸವೆದ ಬುಶ್: ರಬ್ಬರ್, ಪಾಲಿಯುರೆಥೇನ್ ಅಥವಾ ಪೂರ್ತಿ ಲೋವರ್ ಆರ್ಮ್?

ಮನೆಯಂಗಳದಲ್ಲಿ ಸಾಮಾನ್ಯ ಸ್ಪ್ಯಾನರುಗಳಿಂದ ಕೆಲಸ ಮಾಡುವವರು ಸವೆದ ಬುಶ್‌ಗಾಗಿ ಪೂರ್ತಿ ಲೋವರ್ ಆರ್ಮನ್ನೇ ಕೊಳ್ಳುವುದು ಮೇಲು. ಲೋವರ್ ಆರ್ಮ್ ಎಂದರೆ ಮುಂಚಕ್ರವನ್ನು ಕೆಳಗಿಂದ ಕಾರಿನ ಚೌಕಟ್ಟಿಗೆ ಹಿಡಿದಿಡುವ ಲೋಹದ ತೋಳು. ಅದು ಚೌಕಟ್ಟಿಗೆ ಸೇರುವಲ್ಲಿ ಅದುರು ತಡೆಯುವ ಮೆತ್ತೆಯೇ ಬುಶ್. ನನ್ನ 2012ರ ಸ್ವಿಫ್ಟ್‌ಗೆ ಮೂರೂ ಬಗೆಯನ್ನು ಹಾಕಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಸಾಗರದಿಂದ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರಕ್ಕೆ ತಿಂಗಳಿಗೆ ನಾಲ್ಕೈದು ಬಾರಿ ಹೋಗಿಬರುವ ಕಾರು ಇದು. ಬ್ರೇಕ್ ಒತ್ತಿದಾಗ ಮುಂಭಾಗದಲ್ಲಿ ‘ಟಕ್’ ಎಂಬ ಸದ್ದು ಬರುತ್ತಿತ್ತು, ಕಾರು ಎಡಕ್ಕೆ ಎಳೆಯುತ್ತಿತ್ತು, ಟೈರುಗಳ ಒಳಅಂಚು ಮಾತ್ರ ಸವೆದಿತ್ತು.

ಮೊದಲು ಅಗ್ಗವೆಂದು ರಬ್ಬರ್ ಬುಶ್‌ಗಳನ್ನು ಮಾತ್ರ ತಂದೆ. ಆರ್ಮ್ ಬಿಚ್ಚುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಹಳೆಯ ಬುಶ್ಶಿನ ಹೊರಗಿನ ಕಬ್ಬಿಣದ ಕೊಳವೆಯನ್ನು ಆರ್ಮಿನಿಂದ ಹೊರದೂಡುವುದು. ಹತ್ತಾರು ಮಳೆಗಾಲಗಳ ತುಕ್ಕಿನಿಂದ ಅದು ಆರ್ಮಿಗೆ ಬೆಸೆದಂತೆ ಕೂತಿತ್ತು. ವೈಸ್‌ನಲ್ಲಿ ಒಂದು ಬದಿಗೆ ಸಣ್ಣ ಸಾಕೆಟ್, ಇನ್ನೊಂದು ಬದಿಗೆ ಪೈಪಿನ ತುಂಡು ಇಟ್ಟು ಬಿಗಿದರೆ ರಬ್ಬರ್ ಹರಿದು ಬಂತೇ ಹೊರತು ಕೊಳವೆ ಅಲುಗಲಿಲ್ಲ. ಕೊನೆಗೆ ಹ್ಯಾಕ್ಸಾ ಬ್ಲೇಡನ್ನು ಒಳಗಿಂದ ಆಡಿಸಿ ಕೊಳವೆಯನ್ನು ಉದ್ದಕ್ಕೆ ಸೀಳಿ, ಉಳಿಯಿಂದ ಒಳಕ್ಕೆ ಮಡಚಿ ತೆಗೆಯಬೇಕಾಯಿತು. ಬ್ಲೇಡ್ ಒಂದು ಕಡೆ ಆರ್ಮಿನ ಲೋಹಕ್ಕೂ ಗೀರಿತು. ಹೊಸ ಬುಶ್ಶಿಗೆ ಸೋಪಿನ ನೀರು ಹಚ್ಚಿ ಒತ್ತಿದರೂ ಅದು ಓರೆಯಾಗಿ ಸಿಕ್ಕಿಕೊಂಡಿತು. ಲೇತ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ನೇರ ಮಾಡಿಸಿ ತರುವಷ್ಟರಲ್ಲಿ ಕಾರು ಎರಡು ದಿನ ಸ್ಟ್ಯಾಂಡಿನ ಮೇಲೆಯೇ ನಿಂತಿತ್ತು.

ಇಷ್ಟಾದರೂ ಐದು ತಿಂಗಳಲ್ಲಿ ಆರ್ಮುಗಳ ಮುಂಬದಿಯ ಬುಶ್‌ಗಳು ಹರಿದವು. ಅದು ನನ್ನದೇ ತಪ್ಪು. ರಬ್ಬರ್ ಬುಶ್ ಬೋಲ್ಟಿನ ಸುತ್ತ ತಿರುಗುವುದಿಲ್ಲ. ಬೋಲ್ಟ್ ಬಿಗಿದಾಗ ಒಳಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಚಕ್ರ ಏರಿಳಿದಾಗ ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಕಾರನ್ನು ಇಳಿಸಿದ ಕ್ಷಣದಿಂದ ಆ ರಬ್ಬರ್ ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ಆದ್ದರಿಂದ ಬೋಲ್ಟುಗಳನ್ನು ಕೈಬಿಗಿಯಷ್ಟೇ ಕೂರಿಸಿ, ಚಕ್ರ ಹಾಕಿ, ಎರಡೂ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಇಳಿಸಿ, ಕಾರಿನ ಪೂರ್ತಿ ಭಾರ ಬಿದ್ದ ಮೇಲೆ ಬಿಗಿತ ಅಳೆದು ತೋರುವ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿತ ಕೊಡಬೇಕು. ನಮ್ಮ ಕಡೆ ಕೈಗೆ ಸಿಗುತ್ತದೆಂದು ಜಂಬಿಟ್ಟಿಗೆ ಕಲ್ಲನ್ನು ಆಸರೆಗೆ ಇಟ್ಟು ಕಾರಿನಡಿ ಮಲಗುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಭಾರಕ್ಕೆ ಒಡೆಯುತ್ತದೆ.

ಎರಡನೆಯ ಬಾರಿ ಅದೇ ಆರ್ಮುಗಳಿಗೆ ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಶ್ ಹಾಕಿದೆ. ಎರಡು ಹೋಳಾಗಿ ಬರುವುದರಿಂದ ಕೂರಿಸುವುದು ಸುಲಭ. ಒಳಕೊಳವೆಯ ಮೇಲೆ ಅದು ತಿರುಗುವುದರಿಂದ ತಿರುಚಿಕೊಳ್ಳುವ ಸಮಸ್ಯೆಯೂ ಇಲ್ಲ. ತಿರುವುಗಳಲ್ಲಿ ಸ್ಟೇರಿಂಗ್ ಚುರುಕಾದದ್ದು ನಿಜ. ಆದರೆ ರಸ್ತೆಯ ಪ್ರತಿ ಹರಳೂ ಅಂಗೈಗೆ ತಿಳಿಯತೊಡಗಿತು, ಜುಲೈ ಮಳೆಯಲ್ಲಿ ಸಿಲಿಕೋನ್ ಗ್ರೀಸ್ ತೊಳೆದುಹೋಗಿ ಕಿರ್ ಕಿರ್ ಸದ್ದು ಆರಂಭವಾಯಿತು. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಚ್ಚುವ ಅಭ್ಯಾಸ ನನಗಿಲ್ಲ. ಮನೆಯಲ್ಲಿ ವಯಸ್ಸಾದ ಅಮ್ಮ ಇದೇ ಕಾರಿನಲ್ಲಿ ಕೂರುತ್ತಾರೆ.

ಪೂರ್ತಿ ಆರ್ಮಿನ ಕೆಲಸ ಇವೆರಡರ ಮುಂದೆ ಏನೂ ಅಲ್ಲ. ಹಾರೆಯಿಂದ ಆರ್ಮನ್ನು ಕೆಳಕ್ಕೆ ಮೀಟುವ ಮೊದಲು ಬಾಲ್ ಜಾಯಿಂಟಿನ (ಚಕ್ರದ ಕಡೆಯ ಗುಂಡುಕೀಲಿನ) ಅಡ್ಡ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು, ಏಕೆಂದರೆ ಅದು ಜಾಯಿಂಟಿನ ಕಡ್ಡಿಯಲ್ಲಿ ಕೊರೆದ ತೋಡಿನಲ್ಲಿ ಕೂತಿರುತ್ತದೆ. ಬುಶ್‌ಗಳು ಕಾರ್ಖಾನೆಯಲ್ಲೇ ಸರಿಯಾದ ದಿಕ್ಕಿನಲ್ಲಿ ಕೂತು ಬರುತ್ತವೆ, ಬಾಲ್ ಜಾಯಿಂಟೂ ಹೊಸದು ಸಿಗುತ್ತದೆ. ಬುಶ್‌ಗಳ ಲೆಕ್ಕ ನೂರುಗಳಲ್ಲಿ ಮುಗಿದರೆ ಆರ್ಮುಗಳದ್ದು ಸಾವಿರಗಳಿಗೆ ಏರುತ್ತದೆ, ಅದು ಸಣ್ಣ ವ್ಯತ್ಯಾಸವಲ್ಲ. ಆದರೂ ವಾರಕ್ಕೆ ಒಂದೇ ರಜೆಯಿರುವ ನನಗೆ ಆ ಭಾನುವಾರ ಮಧ್ಯಾಹ್ನದ ಊಟದೊಳಗೆ ಎರಡೂ ಬದಿ ಮುಗಿದವು. ಮರುದಿನ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸಿದೆ. ಮೂರರಲ್ಲಿ ಯಾವುದನ್ನು ಹಾಕಿದರೂ ಅಲೈನ್‌ಮೆಂಟ್ ಬಿಡುವಂತಿಲ್ಲ. ಅಂದಿನಿಂದ ಎರಡು ಮಳೆಗಾಲ ಕಳೆದಿವೆ, ಘಾಟಿಯಲ್ಲಿ ಬ್ರೇಕ್ ಒತ್ತಿದಾಗ ಆ ‘ಟಕ್’ ಮತ್ತೆ ಕೇಳಿಲ್ಲ.