ಆಪರೇಷನ್ ಹೊತ್ತಿನ ವಾಂತಿ ಮದ್ದು ಒಂಡಾನ್‌ಸೆಟ್ರಾನ್: ನನ್ನ ಅನುಭವ

ಹೋದ ವರ್ಷ ಮೈಸೂರಿನಲ್ಲಿ ಪಿತ್ತಕೋಶ ತೆಗೆಸಿಕೊಂಡೆ. ಹೊಟ್ಟೆಗೆ 4 ತೂತು, ಎರಡನೇ ದಿನಕ್ಕೆ ಮನೆ. ಸರ್ಜನ್ ಹೇಗೆ, ರೂಮು ಹೇಗೆ ಅಂತ ಎಲ್ಲರೂ ಬರೀತಾರೆ. ನಾನು ಬರೀತಿರೋದು 2 ಎಂ.ಎಲ್. ಆಂಪ್ಯೂಲಿನಲ್ಲಿ ಬರೋ ಒಂದು ಇಂಜೆಕ್ಷನ್ ಬಗ್ಗೆ. ಒಂಡಾನ್‌ಸೆಟ್ರಾನ್, 4 ಮಿಲಿಗ್ರಾಂ. ವಾಂತಿ ತಡೆಯೋ ಮದ್ದು.

ಅದು ನನಗೆ ಯಾಕೆ ಇಷ್ಟು ದೊಡ್ಡದು ಅಂತ ತಿಳೀಬೇಕಾದರೆ 2011ರ ಒಂದು ರಾತ್ರಿಯ ಕಥೆ ಹೇಳಬೇಕು. ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶ ತೆಗೆದಿದ್ದರು. ಸಂಜೆ ಎಚ್ಚರ ಆಯ್ತು, ಅದರ ಹಿಂದೆಯೇ ವಾಂತಿ ಶುರುವಾಯ್ತು. ಬೆಳಗಿನ ಜಾವದವರೆಗೆ 11 ಸಲ, ಪಕ್ಕದಲ್ಲಿ ಕೂತಿದ್ದ ನಮ್ಮತ್ತೆ ಎಣಿಸಿದ್ದು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ಹಸಿರು ಪಿತ್ತ. ನಾನು ಗುತ್ತಲು ರಸ್ತೆ ಕಡೆ ರವಿಕೆ ಹೊಲಿಯೋಳು. ಹೊಲಿಗೆ ಜಗ್ಗಿದರೆ ಬಟ್ಟೆ ಎಲ್ಲಿ ಹರಿಯುತ್ತೆ ಅಂತ ಕೈಗೇ ಗೊತ್ತು. ಅವತ್ತು ಓಕರಿಕೆ ಬಂದಾಗಲೆಲ್ಲ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು, ಈ ಸಲ ದಾರ ಕಿತ್ತೇ ಬರುತ್ತೆ ಅಂದುಕೊಳ್ತಿದ್ದೆ. ಅತ್ತೆ ಮೂರು ಸಲ ಹೋಗಿ ನರ್ಸನ್ನು ಕರೆದರು. "ಆಪ್ರೇಸನ್ ಆದ್ಮೇಲೆ ಎಲ್ರಿಗೂ ಬತ್ತದೆ ಕಣಮ್ಮ, ತಡ್ಕೊಳಾಕೇಳಿ" ಅಂದು ಟ್ರೇ ಇಟ್ಟು ಹೋದರು. ಬೆಳಗ್ಗೆ ಡ್ಯೂಟಿ ಬದಲಾದಾಗ ಬಂದ ಹುಡುಗಿ ನನ್ನ ಮುಖ ನೋಡಿ ಒಂದು ಇಂಜೆಕ್ಷನ್ ಹಾಕಿದಳು. ಅರ್ಧ ಗಂಟೆಗೆ ನಿದ್ದೆ ಬಂತು. ಅದೇ ಇಂಜೆಕ್ಷನ್ ಹಿಂದಿನ ಸಂಜೆ ಯಾಕೆ ಇರಲಿಲ್ಲ ಅನ್ನೋದನ್ನ ನಾನು ಇವತ್ತಿಗೂ ಮರೆತಿಲ್ಲ.

ಹಂಗಾಗಿ ಪಿತ್ತಕೋಶದಲ್ಲಿ ಕಲ್ಲು ಅಂದಾಗ ನನಗೆ ಹೆದರಿಕೆ ಆಗಿದ್ದು ಕತ್ತರಿಗಲ್ಲ, ಎಚ್ಚರ ಆಗೋದಕ್ಕೆ.

ಮೈಸೂರಿನಲ್ಲಿ ಆಪರೇಷನ್ನಿಗೆ ನಾಲ್ಕು ದಿನ ಮುಂಚೆ ಅರಿವಳಿಕೆ ಡಾಕ್ಟರ ಹತ್ತಿರ ಕಳಿಸಿದರು. ವಯಸ್ಸಾದ ಮೇಡಂ ಒಬ್ಬರು. ಬಿ.ಪಿ., ಶುಗರ್ ಎಲ್ಲ ಕೇಳಿ ಆದ ಮೇಲೆ ಪೆನ್ನು ಕೆಳಗಿಟ್ಟು, "ಬಸ್ಸಲ್ಲಿ ಹೋಗುವಾಗ ವಾಂತಿ ಬರುತ್ತೇನಮ್ಮಾ?" ಅಂದರು. ಬರುತ್ತೆ ಮೇಡಂ, ಮಡಿಕೇರಿ ಘಾಟಿ ಹತ್ತೋಕೆ ಮುಂಚೆಯೇ ನಿಂಬೆಹಣ್ಣು ಮೂಗಿಗೆ ಹಿಡಿಯೋಳು ನಾನು ಅಂದೆ. ಹಿಂದಿನ ಆಪರೇಷನ್ ವಿಷಯವನ್ನೂ ಹೇಳಿಬಿಟ್ಟೆ, ಹೇಳುವಾಗ ಗಂಟಲು ಕಟ್ಟಿತು. ಅವರು ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ಬರೆದುಕೊಂಡು, ನನಗೆ ಲೆಕ್ಕ ಬಿಡಿಸಿ ಹೇಳಿದರು. ಹೆಂಗಸು ಅನ್ನೋದಕ್ಕೆ ಒಂದು ಅಂಕ, ಬೀಡಿ ಸಿಗರೇಟು ಇಲ್ಲ ಅನ್ನೋದಕ್ಕೆ ಒಂದು, ಬಸ್ಸಿನ ವಾಂತಿ ಇಲ್ಲವೇ ಹಳೇ ಆಪರೇಷನ್ನಿನ ವಾಂತಿಗೆ ಒಂದು, ಆಮೇಲೆ ಕೊಡೋ ಮಾರ್ಫಿನ್ ಜಾತಿಯ ನೋವಿನ ಮದ್ದಿಗೆ ಒಂದು. ಒಂದೂ ಇಲ್ಲದವರಲ್ಲಿ ನೂರಕ್ಕೆ 10 ಜನಕ್ಕೆ ವಾಂತಿ ಬಂದರೆ, ನಾಲ್ಕೂ ಇರೋರಲ್ಲಿ ಸುಮಾರು 80 ಜನಕ್ಕೆ ಬರುತ್ತಂತೆ. ನನಗೆ ನಾಲ್ಕೂ ಇತ್ತು. ಸಿಗರೇಟು ಸೇದೋರಿಗೆ ಈ ವಾಂತಿ ಕಮ್ಮಿ ಅನ್ನೋದು ಕೇಳಿ ಆಶ್ಚರ್ಯ ಆಯ್ತು, ಆದರೆ ನಿಜವಂತೆ.

ಇಷ್ಟು ವರ್ಷ ನಾನೇ ನಾಜೂಕು, ನಾನೇ ತಡ್ಕೊಳ್ಳಲಾರದೋಳು ಅಂದುಕೊಂಡಿದ್ದೆ. ಅದಕ್ಕೆ ಒಂದು ಲೆಕ್ಕ ಇದೆ, ಮುಂಚೆಯೇ ಕೇಳಿ ತಿಳೀಬಹುದಾಗಿತ್ತು ಅಂತ ಅವತ್ತು ಗೊತ್ತಾಯ್ತು.

ಒಂದೇ ಮದ್ದು ನಿಮಗೆ ಸಾಲದು ಅಂದರು. ಒಂದೊಂದು ಮದ್ದು ಅಪಾಯವನ್ನ ಕಾಲು ಭಾಗದಷ್ಟು ಇಳಿಸುತ್ತೆ, ಅದಕ್ಕೆ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡೋ ಎರಡು ಮೂರನ್ನ ಸೇರಿಸ್ತಾರೆ. ಡೆಕ್ಸಾಮೆಥಸೋನ್ ನಿಧಾನಕ್ಕೆ ಹಿಡಿಯೋ ಮದ್ದು, ಅದಕ್ಕೆ ಅರಿವು ತಪ್ಪಿದ ತಕ್ಷಣ ಶುರುವಿನಲ್ಲೇ ಕೊಡ್ತಾರೆ. ಅದು ಸಕ್ಕರೆ ಏರಿಸುತ್ತೆ ಅಂತ ಶುಗರ್ ರಿಪೋರ್ಟು ಇನ್ನೊಂದು ಸಲ ತಿರುವಿ ನೋಡಿದರು. ಒಂಡಾನ್‌ಸೆಟ್ರಾನ್ ಆಪರೇಷನ್ ಮುಗಿಯೋ ಹೊತ್ತಿಗೆ. ಅದು ಕೆಲವರಲ್ಲಿ ಹೃದಯದ ಬಡಿತದ ಲಯ ಏರುಪೇರು ಮಾಡಬಹುದು, ಹಂಗಾಗಿ ಇಸಿಜಿಯನ್ನೂ ನೋಡಿಯೇ ಬರೆದರು. ಅರಿವು ತಪ್ಪಿಸೋಕೂ ಬರೀ ಗ್ಯಾಸ್ ಬೇಡ ಅಂತ ರಕ್ತನಾಳಕ್ಕೆ ಪ್ರೊಪೋಫಾಲ್. ಹಾಲಿನ ಹಂಗೆ ಬೆಳ್ಳಗಿತ್ತು. ಮುಂಗೈಯಿಂದ ಮೊಣಕೈವರೆಗೆ ಚುರ್ ಅಂತ ಉರಿ ಹತ್ತಿದ್ದು ನೆನಪಿದೆ, ಆಮೇಲೆ ಏನೂ ಇಲ್ಲ.

ಎಚ್ಚರ ಆದಾಗ ಕಣ್ಣು ಬಿಡೋಕೆ ಮುಂಚೆಯೇ ದಿಂಬಿಗೆ ಕೈ ಹಾಕಿದೆ. ಹಳೇ ಭಯ. ಕಾದೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು, ಆಪರೇಷನ್ನಿಗೆ ಹೊಟ್ಟೆಯೊಳಗೆ ತುಂಬಿದ್ದ ಗ್ಯಾಸಿನಿಂದ ಬಲಭುಜದಲ್ಲಿ ನೋವಿತ್ತು. ವಾಂತಿ ಬರಲಿಲ್ಲ. ಗೋಡೆ ಗಡಿಯಾರದಲ್ಲಿ ಮೂರಾಯ್ತು, ನಾಲ್ಕಾಯ್ತು, ಬರಲಿಲ್ಲ. ಮಗಳು ಯಾಕಮ್ಮ ಅಳ್ತೀಯ ಅಂದಳು.

ಸಂಜೆ ಏಳರ ಹೊತ್ತಿಗೆ, ಪಕ್ಕದ ಬೆಡ್ಡಿನವರ ಊಟದ ಸಾರಿನ ವಾಸನೆಗೆ ಹೊಟ್ಟೆ ತೊಳೆಸಿತು. ಅದೇ ಇಂಜೆಕ್ಷನ್ ಇನ್ನೊಂದು ಕೊಡಿ ಅಂದೆ. ಆರು ಗಂಟೆ ಒಳಗೆ ಅದನ್ನೇ ಮತ್ತೆ ಕೊಟ್ಟರೆ ಪ್ರಯೋಜನ ಇಲ್ಲ, ಬೇಕಾದರೆ ಬೇರೆ ಜಾತಿಯದು ಕೊಡ್ತೀವಿ ಅಂದ ನರ್ಸು, ಅದಕ್ಕೂ ಮುಂಚೆ ಸ್ಪಿರಿಟ್ ಹಚ್ಚಿದ ಪುಟ್ಟ ಸ್ವಾಬಿನ ಪ್ಯಾಕೆಟ್ ಹರಿದು ಮೂಗಿನ ಹತ್ತಿರ ಹಿಡಿದಳು. "ಮೂಗಲ್ಲಿ ನಿಧಾನಕ್ಕೆ ಎಳ್ಕೊಳಿ ಆಂಟಿ, ಬಾಯಲ್ಲಿ ಬಿಡಿ." ನಾಲ್ಕೈದು ಉಸಿರಿಗೆ ಹೊಟ್ಟೆ ಕೂತುಕೊಂಡಿತು. ಬೇರೆ ಇಂಜೆಕ್ಷನ್ ಬೇಕಾಗಲೇ ಇಲ್ಲ.

ಇನ್ನು ಕುಂದುಗಳು. ಮಾರನೇ ದಿನ ಹಣೆ ಸುತ್ತ ಪಟ್ಟಿ ಬಿಗಿದ ಹಂಗೆ ತಲೆನೋವು, ಮೂರು ದಿನ ಮಲಬದ್ಧತೆ. ಎರಡೂ ಒಂಡಾನ್‌ಸೆಟ್ರಾನಿನ ಗುಣವೇ. ಹೊಟ್ಟೆಗೆ ಹೊಲಿಗೆ ಹಾಕಿದ ಮೇಲೆ ಮುಕ್ಕರಿಯೋ ಕಷ್ಟ ಅನುಭವಿಸಿದವರಿಗೇ ಗೊತ್ತು. ಹಂಗಾಗಿ ಮಲ ಸಡಿಲ ಮಾಡೋ ಸಿರಪ್ ಬೇಕಾ ಅಂತ ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ, ನಾನು ಕೇಳದೆ ಒದ್ದಾಡಿದೆ.

ಮನೆಗೆ ಕೊಟ್ಟಿದ್ದು ಇದೇ ಮದ್ದಿನ, ನಾಲಿಗೆ ಮೇಲೆ ಕರಗೋ ಮಾತ್ರೆ. ಸ್ಟ್ರಾಬೆರಿ ರುಚಿ, ನೀರು ಬೇಡ, ಹೊಟ್ಟೆ ತೊಳೆಸೋವಾಗ ನೀರು ಕುಡಿಯೋ ಸಂಕಟ ಇಲ್ಲ. ಎರಡು ಉಳಿದಿತ್ತು. ಆರು ತಿಂಗಳಾದ ಮೇಲೆ ಮಡಿಕೇರಿಗೆ ಮದುವೆಗೆ ಹೊರಟಾಗ ಒಂದನ್ನ ಬಾಯಿಗೆ ಹಾಕಿಕೊಂಡು ಧೈರ್ಯವಾಗಿ ಕಿಟಕಿ ಪಕ್ಕ ಕೂತೆ. ಕುಶಾಲನಗರ ದಾಟಿ ತಿರುವು ಶುರುವಾದದ್ದೇ ತಡ, ಕವರ್ ಹುಡುಕಬೇಕಾಯ್ತು. ನರ್ಸಿಂಗ್ ಓದಿರೋ ಮಗಳು ಬೈದಳು. ಆಪರೇಷನ್ನಿನ ವಾಂತಿಗೆ ಈ ಮದ್ದು ಸಿರೊಟೋನಿನ್ ಅನ್ನೋ ಸಂದೇಶ ಮೆದುಳಿಗೆ ಮುಟ್ಟದ ಹಂಗೆ ಅಡ್ಡ ನಿಲ್ಲುತ್ತೆ. ಬಸ್ಸಿನ ವಾಂತಿ ಕಿವಿಯೊಳಗೆ ಮೈಯ ಸಮತೋಲ ಕಾಯೋ ಅಂಗದಿಂದ ಏಳೋದು, ಅದರ ದಾರಿ ಬೇರೆ. ಅದಕ್ಕೆ ಅವೊಮಿನ್ ಥರದ್ದೇ ಆಗಬೇಕು, ಅದೂ ಹೊರಡೋಕೆ ಮುಂಚೆ. ವಾಂತಿ ಮಾತ್ರೆ ಅಂದರೆ ಎಲ್ಲಾ ಒಂದೇ ಅಂದುಕೊಂಡಿದ್ದೆ ನಾನು.

ಬಿಲ್ಲಿನಲ್ಲಿ ಆ ಇಂಜೆಕ್ಷನ್ನಿನ ಸಾಲನ್ನ ಹುಡುಕಿ ನೋಡಿದೆ. ಒಂದು ಮಸಾಲೆದೋಸೆಯ ದುಡ್ಡೂ ಇರಲಿಲ್ಲ. 2011ರ ಆ ರಾತ್ರಿ ನೆನಪಾಗಿ ಕೌಂಟರಿನ ಮುಂದೆಯೇ ಹೊಟ್ಟೆ ಉರಿಯಿತು.

ಹೋದ ವಾರ ನಮ್ಮ ಬೀದಿಯ ಒಬ್ಬರು ಹರ್ನಿಯಾ ಆಪರೇಷನ್ನಿಗೆ ಹೊರಟಿದ್ದರು, ಅವರಿಗೂ ಕಾರು ಹತ್ತಿದರೆ ವಾಂತಿ. ರವಿಕೆ ಅಳತೆ ಬರೆಯೋ ಚೀಟಿಯ ಹಿಂದೆ ಅದನ್ನೇ ಬರೆದು, ಅರಿವಳಿಕೆ ಡಾಕ್ಟರ ಕೈಗೇ ಕೊಡಿ ಅಕ್ಕ ಅಂತ ಅವರ ಫೈಲಿಗೆ ಪಿನ್ ಹೊಡೆದು ಕಳಿಸಿದೆ.