ಪ್ಯಾಟರ್ನ್ ಕೊಟ್ಟು ಎರಕ ಹೊಯ್ಸಿದ ಬೀಡಿನ ಫ್ಲೈವೀಲ್: ನಾಲ್ಕು ವರ್ಷ ಓಡಿಸಿದ ಮೇಲೆ

ನಾಲ್ಕು ವರ್ಷದ ಹಿಂದೆ ಒಂದು ಫೌಂಡ್ರಿಗೆ ನಾನೇ ಮಾಡಿದ ಪ್ಯಾಟರ್ನ್ (ಮರಳಲ್ಲಿ ಅಚ್ಚು ಮೂಡಿಸೋ ಮಾದರಿ) ಕೊಟ್ಟು ಬೀಡಿನ, ಅಂದ್ರೆ ಕಾಸ್ಟ್ ಐರನ್ನಿನ, ಫ್ಲೈವೀಲ್ ಎರಕ ಹೊಯ್ಸಿದ್ದೆ, ಎಂಜಿನ್ನಿನ ಓಟ ಒಂದೇ ಸಮ ಇಡೋ ಭಾರದ ಚಕ್ರ ಇದು. 150 ಮಿಮೀ ವ್ಯಾಸ, ರಿಮ್ (ಹೊರಬಳೆ) ಅಗಲ 20 ಮಿಮೀ, ಐದು ಸ್ಪೋಕು, 12 ಮಿಮೀ ಬೋರು (ಶಾಫ್ಟ್ ಕೂರೋ ತೂತು), ಲೇತಿನಲ್ಲಿ ಕಡಿಯೋ ಟರ್ನಿಂಗ್ ಎಲ್ಲಾ ಮುಗಿದ ಮೇಲೆ ತೂಕ 1 ಕೆಜಿ 100 ಗ್ರಾಂ ಆಸುಪಾಸು. ಒಂದೇ ಸಿಲಿಂಡರಿನ ಅಡ್ಡ ಮಾಡೆಲ್ ಸ್ಟೀಮ್ ಎಂಜಿನ್ನಿಗೆ ಹಾಕಿದೀನಿ, ವಾರಕ್ಕೆ ಒಂದ್ಸಲನಾದ್ರೂ ಓಡುತ್ತೆ. ಹೊಸದರಲ್ಲೇ ವಿಮರ್ಶೆ ಬರೆದಿದ್ರೆ ಬೈದೇ ಬರೀತಿದ್ದೆ ಅನ್ಸುತ್ತೆ, ಮೊದಲನೇ ಪೀಸು ಅಷ್ಟು ಹೊಟ್ಟೆ ಉರಿಸಿತ್ತು. ಈಗ ಬರೆಯೋದು ಬೇರೆ.

ಮೊದಲು ಯಾಕೆ ಬೀಡು ಅಂತ ಹೇಳ್ತೀನಿ. ಇದಕ್ಕಿಂತ ಮುಂಚೆ ಅದೇ ಅಳತೆಯ ಅಲ್ಯೂಮಿನಿಯಂ ಚಕ್ರ ಇತ್ತು, ರೆಡಿ ಸಿಕ್ಕಿದ್ದು, ನೋಡೋಕೆ ಚೆನ್ನಾಗೇ ಇತ್ತು, ಆದ್ರೆ ಎಂಜಿನ್ನು 200 ಆರ್‌ಪಿಎಂಗಿಂತ ಕೆಳಗೆ ಬಂದ್ರೆ ಡೆಡ್ ಸೆಂಟರ್ (ಪಿಸ್ಟನ್ ತುದಿ ಮುಟ್ಟಿ, ತಿರುಗಿಸೋ ಬಲ ಇಲ್ಲದ ಜಾಗ) ದಾಟಕ್ಕೆ ಆಗ್ದೆ ನಿಂತೇಬಿಡೋದು. ಅಲ್ಯೂಮಿನಿಯಂ ಸಾಂದ್ರತೆ 2.7, ಬೀಡಿನದು 7.2ರ ಹತ್ರ, ಅಂದ್ರೆ ಅದೇ ಆಕಾರ ಅದೇ ಅಳತೆಗೆ ಎರಡೂವರೆ ಪಟ್ಟಿಗಿಂತ ಜಾಸ್ತಿ ತೂಕ, ಅದರಲ್ಲೂ ರಿಮ್ಮಿನಲ್ಲಿರೋ ತೂಕವೇ ಮುಖ್ಯ ಯಾಕಂದ್ರೆ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಅದರ ಜಡತ್ವ (ತಿರುಗ್ತಾನೇ ಇರೋ ಗುಣ) ಏರುತ್ತೆ. ಚಕ್ರದಲ್ಲಿ ಕೂಡಿಟ್ಟ ಶಕ್ತಿ ವೇಗದ ವರ್ಗಕ್ಕೆ ಸರಿಯಾಗಿ ಇರೋದ್ರಿಂದ ಲೆಕ್ಕ ಹಾಕಿದ್ರೆ 200ರಲ್ಲಿ ಅಲ್ಯೂಮಿನಿಯಂ ಮಾಡ್ತಿದ್ದ ಕೆಲಸವನ್ನ ಬೀಡು 120–125ರಲ್ಲೇ ಮಾಡಬೇಕು, ನನ್ನ ಎಂಜಿನ್ನು ಈಗ ಹೆಚ್ಚುಕಮ್ಮಿ ಅಲ್ಲೇ ನಿಧಾನಕ್ಕೆ, ಒಂದೊಂದು ಉಸಿರೂ ಕೇಳೋ ಹಾಗೆ ಓಡುತ್ತೆ. ಕನೆಕ್ಟಿಂಗ್ ರಾಡ್ ಹೋಗಿ ಬರೋದನ್ನ ಕಣ್ಣಲ್ಲಿ ಹಿಂಬಾಲಿಸಬಹುದು. ಇದಕ್ಕೋಸ್ಕರನೇ ಇಷ್ಟೆಲ್ಲಾ ಪಾಡುಪಟ್ಟಿದ್ದು.

ಈಗ ಮೊದಲನೇ ಪೀಸಿನ ಕಥೆ. ಆರು ನೇರ ಸ್ಪೋಕು, ಅಂಚೆಲ್ಲಾ ತೆಳ್ಳಗೆ, ಹಬ್ಬು (ಚಕ್ರದ ನಡುಭಾಗ) ಮಾತ್ರ ದಪ್ಪ, ಡ್ರಾಯಿಂಗಿನಲ್ಲಿ ಬಹಳ ಅಂದವಾಗಿತ್ತು. ಎರಕ ಬಂತು, ತಂತಿಗೆ ನೇತುಹಾಕಿ ಸಣ್ಣ ಸುತ್ತಿಗೆಯಲ್ಲಿ ತಟ್ಟಿದೆ, ಠಣ್ ಅಂತ ಗಂಟೆ ಹಾಗೆ ನಾದ ಬರಬೇಕಿತ್ತು, ಒಡೆದ ಮಡಕೆ ತಟ್ಟಿದಂಗೆ ಬೊದ್ದು ಶಬ್ದ ಬಂತು. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಹುಡುಕಿದ್ಮೇಲೆ ಒಂದು ಸ್ಪೋಕು ಹಬ್ಬಿಗೆ ಸೇರೋ ಕಡೆ ಕೂದಲೆಳೆಯಷ್ಟು ಬಿರುಕು ಕಾಣಿಸ್ತು. ತೆಳು ಸ್ಪೋಕುಗಳು ಮೊದಲೇ ಆರಿ ಗಟ್ಟಿಯಾಗ್ತವೆ, ದಪ್ಪ ಹಬ್ಬು ಕೊನೆಗೆ ಆರ್ತಾ ಕುಗ್ಗುವಾಗ ಅವನ್ನ ಒಳಗೆಳೆಯುತ್ತೆ, ಎದುರುಬದುರು ನೇರವಾಗಿರೋ ಸ್ಪೋಕಿಗೆ ಬಾಗೋಕೆ ಜಾಗನೇ ಇಲ್ಲ, ಬಿರುಕು ಬಿಡುತ್ತೆ. ಹಳೇ ಎಂಜಿನ್ನುಗಳ ಚಕ್ರಗಳಲ್ಲಿ ಸ್ಪೋಕು ಎಸ್ ಥರ ಬಳುಕಿರೋದು ಬರೀ ಚೆಂದಕ್ಕಲ್ಲ, ಕುಗ್ಗಿದಾಗ ಸ್ವಲ್ಪ ಬಾಗಿ ತಡ್ಕೊಳ್ಳಲಿ ಅಂತ. ಬೆಸ ಸಂಖ್ಯೆ ಇಡೋದೂ ಅದಕ್ಕೇ, ಒಂದು ಸ್ಪೋಕಿನ ನೇರ ಎದುರಿಗೆ ಇನ್ನೊಂದು ಬರಲ್ಲ.

ಇದರ ಜೊತೆಗೆ ಇನ್ನೊಂದು ರೋಗ. ಹೇಗಿದ್ರೂ ವೇಸ್ಟು, ಲೇತಿಗೆ ಹಾಕಿ ನೋಡೋಣ ಅಂತ ರಿಮ್ಮಿನ ಮೂಲೆಗೆ ಮೊದಲು ಅರ ಹಾಕಿದೆ, ಅರ ಕಚ್ಚಲೇ ಇಲ್ಲ, ಗಾಜಿನ ಮೇಲೆ ಎಳೆದಂಗೆ ಜಾರ್ಕೊಂಡು ಹೋಯ್ತು, ಅರದ ಹಲ್ಲೇ ಹೊಳೀತಾ ಬಂತು. ಹೈಸ್ಪೀಡ್ ಸ್ಟೀಲಿನ ಟೂಲ್ ಅರ್ಧ ಸುತ್ತಿಗೇ ಮೊಂಡಾಯ್ತು. ಇದಕ್ಕೆ ಚಿಲ್ ಆಗಿದೆ ಅಂತಾರೆ. ಬೀಡು ನಿಧಾನಕ್ಕೆ ಆರಿದ್ರೆ ಅದರೊಳಗಿನ ಇಂಗಾಲ ಗ್ರಾಫೈಟ್ ಪದರವಾಗಿ ಕೂರುತ್ತೆ, ಟೂಲು ಸಲೀಸಾಗಿ ಕಡಿಯುತ್ತೆ. ತೆಳು ಭಾಗ ಗಬಕ್ಕನೆ ಆರಿಬಿಟ್ರೆ ಅದೇ ಇಂಗಾಲ ಕಬ್ಬಿಣದ ಜೊತೆ ಕಾರ್ಬೈಡ್ ಆಗಿ ಉಳಿದು ಕಲ್ಲಿಗಿಂತ ಗಟ್ಟಿ ಆಗುತ್ತೆ, ಮುರಿದು ನೋಡಿದ್ರೆ ಬೂದು ಬಣ್ಣದ ಬದ್ಲು ಬೆಳ್ಳಗೆ ಮಿಂಚುತ್ತೆ. ನಾನು ಮುರಿದು ನೋಡ್ದೆ, ಅಂಚೆಲ್ಲಾ ಬೆಳ್ಳಗೇ ಇತ್ತು.

ಫೌಂಡ್ರಿಯವರ ಜೊತೆ ಕೂತು ಮಾತಾಡಿದಾಗ ನಿಜ ಗೊತ್ತಾಗಿದ್ದು. ನಮ್ಮಂಥ ಚಿಲ್ಲರೆ ಕೆಲಸನ ದೊಡ್ಡ ಎರಕ ಎಲ್ಲಾ ಹೊಯ್ದು ಮುಗಿದ ಮೇಲೆ ಲ್ಯಾಡಲ್ಲಿನಲ್ಲಿ (ಕರಗಿದ ಲೋಹ ಹೊಯ್ಯೋ ಪಾತ್ರೆ) ಉಳಿದ ಲೋಹದಲ್ಲಿ ಹೊಯ್ತಿದ್ರು, ಅಷ್ಟರಲ್ಲಿ ಅದು ಬಿಸಿ ಕಳ್ಕೊಂಡಿರುತ್ತೆ, ಮರಳೂ ಹಸಿ, ಮೇಲಾಗಿ ಜಾಗ ಖಾಲಿ ಆಗ್ಲಿ ಅಂತ ಕೆಂಪಗಿರುವಾಗಲೇ ಅಚ್ಚು ಒಡೆದು ತೆಗೆದಿದ್ರು. ಅವರ ತಪ್ಪು ಎಷ್ಟೋ ನಂದೂ ಅಷ್ಟೇ, ನಾನು ಡ್ರಾಯಿಂಗ್ ಕೊಟ್ಟು ಬಂದಿದ್ದೆ, ಇದನ್ನ ಲೇತಿನಲ್ಲಿ ಕಡೀಬೇಕು ಅಂತ ಬಾಯಿ ಬಿಟ್ಟು ಹೇಳಿರಲಿಲ್ಲ. ಎರಡನೇ ಸಲ ಮೂರೇ ಮಾತು ಹೇಳ್ದೆ: ಲ್ಯಾಡಲ್ ತುಂಬಿದ ತಕ್ಷಣ ನಂದನ್ನ ಮೊದಲು ಹೊಯ್ರಿ, ಇಂಗಾಲ ಗ್ರಾಫೈಟ್ ಆಗೋ ಹಾಗೆ ಫೆರೋಸಿಲಿಕಾನ್ ಸ್ವಲ್ಪ ಹಾಕಿ, ರಾತ್ರಿ ಪೂರ್ತಿ ಮರಳಲ್ಲೇ ಬಿಡಿ. ಬೇಜಾರಿಲ್ದೆ ಮಾಡಿಕೊಟ್ರು, ಮೊದಲನೇ ಪೀಸನ್ನೂ ವಾಪಸ್ ತಗೊಂಡ್ರು. ಆದ್ರೆ ಮೂರು ತಿಂಗಳು ಕಾಯಿಸಿದ್ರು, ಅದಕ್ಕೆ ಒಂದು ಸ್ಟಾರ್ ಕಟ್.

ಪ್ಯಾಟರ್ನ್ ಬಗ್ಗೆ ಸ್ವಲ್ಪ. ಎರಡನೇದನ್ನ ತ್ರೀಡಿ ಪ್ರಿಂಟ್ ಮಾಡ್ದೆ, ಎರಡು ಅರ್ಧ, ಮಧ್ಯ ಎರಡನ್ನೂ ಕೂಡಿಸೋ ಡೋವೆಲ್ ಪಿನ್. ಬೀಡು ಆರಿದಾಗ ನೂರಕ್ಕೆ 1ರಷ್ಟು ಕುಗ್ಗುತ್ತೆ, ಟರ್ನಿಂಗಿಗೆ ಒಂದೊಂದು ಕಡೆ 3 ಮಿಮೀ ಬಿಟ್ಟೆ, ಹಾಗಾಗಿ 150ರ ಚಕ್ರಕ್ಕೆ ಪ್ಯಾಟರ್ನ್ 157.5 ಮಿಮೀ ಆಯ್ತು. ಮರಳಿಂದ ಎತ್ತೋಕೆ 2 ಡಿಗ್ರಿ ಇಳಿಜಾರು, ಒಳಮೂಲೆಗಳಿಗೆಲ್ಲಾ ಗುಂಡಗೆ ರೇಡಿಯಸ್. ಪ್ರಿಂಟಿನ ಗೆರೆ ಗೆರೆ ಇದ್ಯಲ್ಲ ಅದೊಂದನ್ನ ನಿರ್ಲಕ್ಷ್ಯ ಮಾಡಬೇಡಿ, ಮರಳು ಆ ಗೆರೆಗಳಲ್ಲಿ ಕಚ್ಕೊಂಡು ಎತ್ತುವಾಗ ಅಚ್ಚೇ ಕಿತ್ಕೊಂಡು ಬರುತ್ತೆ, ಪ್ರೈಮರ್ ಹೊಡೆದು ಉಜ್ಜಿ ಮತ್ತೆ ಹೊಡೆದು ಉಜ್ಜಿ ಕೈಗೆ ನುಣುಪು ಹತ್ತೋ ತನಕ ಬಿಡಬಾರದು.

ಎರಡನೇ ಸಲ ಎರಡು ಪೀಸು ಹೊಯ್ಸಿದ್ದೆ. ಒಂದರಲ್ಲಿ 2 ಮಿಮೀ ತೆಗೆದ ಮೇಲೆ ರಿಮ್ಮಿನ ಮುಖದಲ್ಲೇ ಕಡಲೆಕಾಳಿನಷ್ಟು ಬ್ಲೋ ಹೋಲ್ (ಎರಕದಲ್ಲಿ ಗಾಳಿ ಸಿಕ್ಕಿ ಆದ ಗುಳಿ) ಬಾಯಿ ತೆರೀತು. ಇನ್ನೊಂದು ಪೀಸು ಬಂಗಾರ. ಯಾವಾಗ್ಲೂ ಎರಡು ಹೊಯ್ಸಿ, ಪ್ಯಾಟರ್ನ್ ಹೆಂಗೂ ಇರುತ್ತೆ.

ಟರ್ನಿಂಗ್ ಮಾಡೋರಿಗೆ: ಮೊದಲನೇ ಕಟ್ ಧೈರ್ಯವಾಗಿ ಆಳಕ್ಕೆ ಕೊಡಿ, ನಾನು ಒಂದೂವರೆ ಮಿಮೀ ಕೊಟ್ಟೆ, ಮೇಲಿನ ಸಿಪ್ಪೆಯಲ್ಲಿ ಮರಳು ಸುಟ್ಟು ಕೂತಿರುತ್ತೆ, ಅದರ ಕೆಳಗೆ ಟೂಲು ಹೋಗಬೇಕು, ಮೇಲೆ ಸವರ್ತಾ ಇದ್ರೆ ಟೂಲು ತಿಂದುಹೋಗುತ್ತೆ. 150 ಮಿಮೀ ವ್ಯಾಸಕ್ಕೆ ಹೈಸ್ಪೀಡ್ ಟೂಲಿನಲ್ಲಿ ನಿಮಿಷಕ್ಕೆ 18 ಮೀಟರ್ ಅಂದ್ರೆ 40 ಆರ್‌ಪಿಎಂಗೂ ಒಂಚೂರು ಕಮ್ಮಿ, ಬ್ಯಾಕ್ ಗೇರ್ (ವೇಗ ಇಳಿಸೋ ಗೇರು) ಇಲ್ಲದ ಲೇತಿನಲ್ಲಿ ಕಷ್ಟ, ಜಾಸ್ತಿ ವೇಗ ತಡೆಯೋ ಕಾರ್ಬೈಡ್ ಟೂಲ್ ಹಾಕ್ಕೊಳ್ಳಿ. ಕೂಲೆಂಟ್ ಬೇಡ, ಒಣಗೇ ಕಡೀರಿ, ಕಪ್ಪು ಪುಡಿ ಲೇತಿನ ಬೆಡ್ ಮೇಲೆಲ್ಲಾ ಬೀಳುತ್ತೆ, ಪೇಪರ್ ಹಾಸಿ, ಮಾಸ್ಕ್ ಹಾಕ್ಕೊಳ್ಳಿ. ರಿಮ್ಮಿನ ಹೊರಮೈ, ಒಂದು ಮುಖ, ಬೋರು ಮೂರನ್ನೂ ಚಕ್ಕಿಂದ ಬಿಚ್ಚದೆ ಒಂದೇ ಸೆಟ್ಟಿಂಗಿನಲ್ಲಿ ಮುಗಿಸ್ದೆ. ಈಗ್ಲೂ ಓಲಾಟ ಅಳೆಯೋ ಡಯಲ್ ಗೇಜ್ ಇಟ್ಟು ತಿರುಗಿಸಿದ್ರೆ 0.03 ಮಿಮೀ ದಾಟಲ್ಲ, ನಾಲ್ಕು ವರ್ಷದಲ್ಲಿ ಒಂದು ಗೆರೆನೂ ಬದಲಾಗಿಲ್ಲ.

ಬ್ಯಾಲೆನ್ಸ್ ಮಾಡೋಕೆ ಎರಡು ನೆಟ್ಟಗಿರೋ ಸ್ಟೀಲ್ ಪಟ್ಟಿ ಮೇಲೆ ಶಾಫ್ಟ್ ಸಮೇತ ಉರುಳಿಸಿದೆ, ಯಾವಾಗ್ಲೂ ಒಂದೇ ಸ್ಪೋಕು ಕೆಳಗೆ ಬಂದು ನಿಲ್ತಿತ್ತು, ಆ ಕಡೆ ರಿಮ್ಮಿನ ಒಳಮೈಯಲ್ಲಿ 6 ಮಿಮೀ ಡ್ರಿಲ್ಲಿನಲ್ಲಿ 5 ಮಿಮೀ ಆಳಕ್ಕೆ ಮೂರು ತೂತು. ಒಂದು ತೂತಿಗೆ ಹೆಚ್ಚುಕಮ್ಮಿ 1 ಗ್ರಾಂ ಹೋಗುತ್ತೆ. ಆಮೇಲೆ ಎಲ್ಲಿ ಬಿಟ್ರೆ ಅಲ್ಲೇ ನಿಂತ್ಕೊಳ್ತು.

ಬಳಕೆಯಲ್ಲಿ ಕಂಡ ತೊಂದ್ರೆ ಎರಡೇ. ಒಂದು, ಮೊದಲನೇ ವರ್ಷ ಬರೀ ಗ್ರಬ್ ಸ್ಕ್ರೂ (ಹಬ್ಬಿಂದ ಶಾಫ್ಟಿಗೆ ಒತ್ತೋ ತಲೆ ಇಲ್ಲದ ಸ್ಕ್ರೂ) ಮೇಲೆ ನಿಲ್ಲಿಸಿದ್ದೆ, ಅಲ್ಯೂಮಿನಿಯಂ ಚಕ್ರಕ್ಕೆ ಸಾಕಾಗಿತ್ತು, ಇಷ್ಟು ತೂಕಕ್ಕೆ ಸಾಕಾಗ್ಲಿಲ್ಲ, ಪ್ರತಿ ಸುತ್ತಿಗೂ ಟಕ್ ಟಕ್ ಅನ್ನೋಕೆ ಶುರುವಾಯ್ತು, ಬಿಚ್ಚೋಕೆ ಹೋದ್ರೆ ಶಾಫ್ಟ್ ಮೇಲೆ ಸ್ಕ್ರೂ ಎಬ್ಬಿಸಿದ ಬರ್ (ಚೂಪು ಉಬ್ಬು) ಬೋರಿಗೆ ಗೀಚ್ಕೊಂಡೇ ಹೊರಗೆ ಬಂತು. ಹೊಸ ಶಾಫ್ಟ್ ಮಾಡಿ 4 ಮಿಮೀ ಕೀ (ಶಾಫ್ಟಿಗೂ ಚಕ್ರಕ್ಕೂ ನಡುವೆ ಕೂರೋ ಲೋಹದ ತುಂಡು) ಹಾಕ್ದೆ, ಬೋರಿನೊಳಗೆ ಅದು ಕೂರೋ ಸೀಳನ್ನ (ಕೀವೇ) ಲೇತಿನ ಸ್ಪಿಂಡಲ್ ಲಾಕ್ ಮಾಡಿ ಟೂಲನ್ನ ಕೈಯಲ್ಲೇ ಹಿಂದೆ ಮುಂದೆ ಆಡಿಸ್ತಾ ಒಂದೊಂದು ಎಳೆ ತೆಗೆದೆ. ಅವತ್ತಿಂದ ಶಬ್ದ ಇಲ್ಲ. ಎರಡು, ತುಕ್ಕು. ರಿಮ್ಮಿನ ಪಾಲಿಶ್ ಮುಖಕ್ಕೆ ಬೆವರಿನ ಕೈ ತಗುಲಿದ್ರೆ ಮಾರನೇ ದಿನ ಬೆರಳಚ್ಚು ಕಂದು ಬಣ್ಣದಲ್ಲಿ ಎದ್ದು ಕೂರುತ್ತೆ, ಸ್ಟೀಮ್ ಎಂಜಿನ್ನಂತೂ ನೀರು ಉಗುಳ್ತಾನೇ ಇರುತ್ತೆ, ಓಡಿಸಿದ ಮೇಲೆ ಒರೆಸಿ ಎಣ್ಣೆ ಬಟ್ಟೆ ಸವರೋದು ಅಭ್ಯಾಸ ಆಗಿದೆ. ಸ್ಪೋಕಿನ ಪೇಂಟು ಒಂದ್ಸಲ ಚಕ್ಕೆ ಎದ್ದಿತ್ತು, ಎಣ್ಣೆ ಪೂರ್ತಿ ತೊಳೀದೆ ಹೊಡೆದಿದ್ದೆ, ಥಿನ್ನರಿನಲ್ಲಿ ತೊಳೆದು ಮತ್ತೆ ಹೊಡೆದ್ಮೇಲೆ ಸರಿ ಹೋಯ್ತು.

ಬೀಡು ಒಡೆದು ಸಿಡಿಯುತ್ತಾ ಅಂತ ಕೇಳೋರಿಗೆ: ಬೀಡಿನ ಚಕ್ರಕ್ಕೆ ರಿಮ್ ವೇಗ ಸೆಕೆಂಡಿಗೆ 30 ಮೀಟರ್ ಒಳಗಿರಲಿ ಅನ್ನೋದು ಹಳೇ ರೂಢಿ, 150 ಮಿಮೀಗೆ ಅದು 3800 ಆರ್‌ಪಿಎಂ ಆಗುತ್ತೆ. ನಂದು 500 ದಾಟಿದ್ದೇ ಇಲ್ಲ, ಅಂದ್ರೆ ಸೆಕೆಂಡಿಗೆ 4 ಮೀಟರೂ ಆಗಲ್ಲ. ಬಿರುಕಿರೋ ಪೀಸಿಗೆ ಈ ಲೆಕ್ಕ ನಡೆಯಲ್ಲ, ಅದಕ್ಕೇ ತಟ್ಟಿ ನೋಡದೆ ಯಾವುದನ್ನೂ ಎಂಜಿನ್ನಿಗೆ ಏರಿಸಬೇಡಿ.

ನಿಮ್ಮದು 80 ಮಿಮೀ ಒಳಗಿನ ಚಕ್ರ ಆದ್ರೆ ಎರಕದ ಗೊಡವೆಗೆ ಹೋಗ್ಬೇಡಿ. ಕಂಟಿನ್ಯೂಯಸ್ ಕಾಸ್ಟ್ ಸಿ.ಐ. (ಎಡೆಬಿಡದೆ ಎರೆದ ಬೀಡು) ಬಾರಿನ ತುಂಡು ಕಟ್ ಮಾಡಿಸಿ ಟರ್ನ್ ಮಾಡ್ಕೊಳ್ಳಿ, ಬ್ಲೋ ಹೋಲ್ ಭಯ ಇಲ್ಲ ಅನ್ನಬಹುದು, ಚಿಲ್ಲೂ ಕಾಡಲ್ಲ. ಅದಕ್ಕಿಂತ ದೊಡ್ಡದು, ಬಳುಕಿದ ಸ್ಪೋಕು ಬೇಕು ಅಂದ್ರೆ ಎರಕನೇ ಸರಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೀನಿ.

ಅದೇ ಫೌಂಡ್ರಿಗೆ ಈ ತಿಂಗಳು 220 ಮಿಮೀದೊಂದು ಪ್ಯಾಟರ್ನ್ ಕೊಟ್ಟಿದೀನಿ, ಸ್ಪೋಕು ಒಂಚೂರು ದಪ್ಪ ಮಾಡಿದೀನಿ, ಹಬ್ಬನ್ನ ಸಣ್ಣದು ಮಾಡಿದೀನಿ, ಮತ್ತೆ ಈ ಸಲ ಎರಡಲ್ಲ ಮೂರು ಪೀಸ್ ಹೊಯ್ರಿ ಅಂತ ಹೇಳಿ ಬಂದಿದೀನಿ.