ಎರಡೇ ಹೊಸ ಟಯರ್ ತೆಗೆದುಕೊಂಡರೆ ಅವು ಹಿಂದಕ್ಕೇ ಹೋಗಬೇಕು

ಜೂನ್ ಮೊದಲ ವಾರದ ಮಳೆ. ಕಾಸರಗೋಡು ಜಿಲ್ಲೆಯ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಬೋವಿಕ್ಕಾನ ದಾಟಿ ಮುಳ್ಳೇರಿಯ ಕಡೆಗೆ ಹೋಗುತ್ತಿದ್ದ ಸೆಕೆಂಡ್‌ಹ್ಯಾಂಡ್ ಜರ್ಮನ್ ಡೀಸೆಲ್ ಸೆಡಾನ್ ಒಂದು ಏರು ತಿರುವಿನಲ್ಲಿ ಹಿಂಬದಿ ಜಾರಿ, ಅರ್ಧ ಸುತ್ತು ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿಕೊಂಡು ಕಣಿಗೆ ಇಳಿಯಿತು. ವೇಗ 50ರ ಆಸುಪಾಸು. ಆ ಹೊತ್ತಿಗೆ ಎದುರಿನಿಂದ ಬಸ್ಸು ಬರಲಿಲ್ಲ, ಹಾಗಾಗಿ ಯಾರಿಗೂ ಪೆಟ್ಟಾಗಲಿಲ್ಲ. ಬಂಪರ್, ಒಂದು ಅಲಾಯ್, ಹಿಂದಿನ ಸಸ್ಪೆನ್ಷನ್ ಆರ್ಮ್ ಹೋಯಿತು. ‘ಅಷ್ಟು ಪವರ್ ಇರುವ ಕಾರು ನಮ್ಮ ರಸ್ತೆಗೆ ಹೇಳಿಸಿದ್ದಲ್ಲ’ ಎಂದು ನೋಡಿದವರೆಲ್ಲ ಅಂದರು. ಕಾರನ್ನು ಮೇಲೆತ್ತಿದಾಗ ಕಂಡದ್ದು ಬೇರೆ.

ಮುಂದಿನ ಎರಡು ಟಯರ್ ಹೊಚ್ಚ ಹೊಸದು, ಗ್ರೂವ್, ಅಂದರೆ ಟಯರಿನ ಮೈಮೇಲಿನ ಗೀರು, 7 ಮಿ.ಮೀ. ಆಳ ಇದೆ. ಹಿಂದಿನವು 2 ಮಿ.ಮೀ. ಹತ್ತಿರ, ಒಳ ಅಂಚಿನಲ್ಲಿ ಅಷ್ಟೂ ಇಲ್ಲ. ಪಕ್ಕದಲ್ಲಿ ಒತ್ತಿದ ಅಂಕಿ 2217, ಅಂದರೆ 2017ರ 22ನೇ ವಾರದ ಮಾಲು. ಎಡ ಹಿಂದಿನದರಲ್ಲಿ ಗಾಳಿ 25 ಪಿಎಸ್‌ಐ. ಬಾಗಿಲ ಕಂಬದ ಸ್ಟಿಕರ್ ಕೇಳುವುದು 35. ‘ಸ್ಟೇರಿಂಗ್ ಇರುವುದು ಮುಂದೆ, ಹೊಸದು ಮುಂದೆಯೇ ಇರಲಿ’ ಎಂದು ಟಯರ್ ಅಂಗಡಿಯವರು ಹೇಳಿ ಹಾಕಿಕೊಟ್ಟದ್ದಂತೆ. ಕೇಳಲು ಸರಿಯಾಗಿಯೇ ಇದೆ. ಎಷ್ಟೋ ಕಡೆ ಇದನ್ನೇ ಹೇಳುತ್ತಾರೆ, ಮತ್ತು ಇದು ತಪ್ಪು.

ಮುಂದಿನ ಚಕ್ರ ಜಾರಿದರೆ ಕಾರು ತಿರುವಿನಲ್ಲಿ ನೆಟ್ಟಗೆ ಹೋಗಲು ನೋಡುತ್ತದೆ. ಸ್ಟೇರಿಂಗ್ ಹಗುರಾದದ್ದು ಕೈಗೆ ಗೊತ್ತಾಗುತ್ತದೆ, ಕಾಲು ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ, ವೇಗ ಇಳಿದ ಹಾಗೆ ಹಿಡಿತ ವಾಪಸು ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಗೊತ್ತಾಗುವಷ್ಟರಲ್ಲಿ ಕಾರು ಅಡ್ಡವಾಗಿರುತ್ತದೆ. ಅದಕ್ಕೇ, ಎಂಜಿನ್ ಯಾವ ಚಕ್ರವನ್ನು ತಿರುಗಿಸಿದರೂ ಹೊಸ ಜೋಡಿ ಹಿಂದಕ್ಕೆ. ಹಿಂದಿನ ಚಕ್ರಕ್ಕೇ ಎಂಜಿನ್ ಜೋಡಿಸಿದ ಕಾರಿನಲ್ಲಂತೂ ಆ ಟಯರಿಗೆ ಎರಡು ಕೆಲಸ: ತಿರುವಿನಲ್ಲಿ ಕಾರನ್ನು ಅಡ್ಡಕ್ಕೆ ಹಿಡಿದಿಡಬೇಕು, ಮುಂದಕ್ಕೂ ತಳ್ಳಬೇಕು. ಇರುವ ಹಿಡಿತ ಒಂದೇ ಗಂಟು. ತಳ್ಳುವುದಕ್ಕೆ ಹೆಚ್ಚು ಖರ್ಚಾದರೆ ಹಿಡಿಯುವುದಕ್ಕೆ ಉಳಿಯುವುದಿಲ್ಲ.

ಈ ಸೆಡಾನ್ ಹಿಂದಿನ ಚಕ್ರದಿಂದಲೇ ಓಡುವುದು, ಆ ತಿರುವಿನಲ್ಲಿ ಆದದ್ದೂ ಇದೇ. ತಿರುವು ಮುಗಿಯುವ ಮೊದಲೇ ಏರು ಹತ್ತಿಸಲು ಕಾಲು ಒತ್ತಿದರು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎರಡು ಗೇರ್ ಕೆಳಗಿಳಿಸಿತು. ಟರ್ಬೊ ಡೀಸೆಲ್‌ನ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಒಂದೇ ಏಟಿಗೆ ಸವೆದ ಟಯರಿನ ಮೇಲೆ ಬಿತ್ತು. ರಸ್ತೆಯ ಮೇಲೆ ಇದ್ದದ್ದು ಬರೀ ನೀರಲ್ಲ: ಬೇಸಗೆಯಿಡೀ ಡಾಂಬರು ಕುಡಿದ ಎಣ್ಣೆ, ಟಯರಿನ ಪುಡಿ, ಅದರ ಮೇಲೆ ಮುರಕಲ್ಲಿನ ಬರೆಯಿಂದ ಇಳಿದ ಕೆಂಪು ಕೆಸರು. ನಾಲ್ಕು ದಿನ ಹೊಡೆದ ಜಡಿಮಳೆ ಇದನ್ನೆಲ್ಲ ತೊಳೆದುಬಿಡುತ್ತದೆ. ಮೊದಲ ಮಳೆ ಬರೀ ಕಲಸುತ್ತದೆ.

ಗಾಳಿ ಕಡಿಮೆಯಾದರೆ ಏನಾಗುತ್ತದೆ ಎನ್ನುವುದು ಹೈವೇಯಲ್ಲಿ ಗೊತ್ತಾಗುತ್ತದೆ. ನಿಂತ ನೀರಿನ ಮೇಲೆ ಚಕ್ರ ತೇಲತೊಡಗುವ ವೇಗಕ್ಕೆ ವಿಮಾನದ ಟಯರುಗಳಿಂದ ಬಂದ ಒಂದು ಒರಟು ಲೆಕ್ಕ ಇದೆ: ಪಿಎಸ್‌ಐಯ ವರ್ಗಮೂಲವನ್ನು 16.7ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಸಿಗುತ್ತದೆ. 35ಕ್ಕೆ ಸುಮಾರು 99, 25ಕ್ಕೆ 83. ಗ್ರೂವ್ ಚೆನ್ನಾಗಿದ್ದರೆ ನೀರು ಹೊರಗೆ ಹೋಗಲು ದಾರಿ ಇರುತ್ತದೆ. ಸವೆದ ಟಯರಿಗೆ ಈ ಲೆಕ್ಕ ಹತ್ತಿರ ಬರುತ್ತದೆ. ತಲಪಾಡಿಯಿಂದ ಈಚೆ, ಕಾಸರಗೋಡಿನ ಕಡೆಗೆ, ಆರು ಪಥದ ರಸ್ತೆಯಲ್ಲಿ 80–90 ಈಗ ಮಾಮೂಲಿ ವೇಗ ಅನ್ನುವುದನ್ನು ನೆನಪಿಡಿ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಮಳೆಯಲ್ಲಿ ಹಾಕಲೇಬೇಡಿ. ಕಾನೂನಿನ ಮಿತಿ 1.6 ಮಿ.ಮೀ., ಗ್ರೂವ್ ಒಳಗಿನ ಉಬ್ಬುಗಳು ಅದನ್ನು ತೋರಿಸಲಿಕ್ಕೇ ಇರುವುದು. ನಮ್ಮ ಮಳೆಗೆ ಅದು ಸಾಲದು. ಹಿಂದೆ 3 ಮಿ.ಮೀ. ಆದ ಕೂಡಲೇ ಬದಲಿಸಿ, ಮೇ ತಿಂಗಳಲ್ಲೇ. ಹಿಂದೆ ಅಗಲ, ಮುಂದೆ ಸಪೂರ ಟಯರ್ ಇರುವ ಕಾರಿನಲ್ಲಿ ಅದಲು ಬದಲು ಮಾಡಲು ಬರುವುದಿಲ್ಲ. ದುಡ್ಡು ಕಡಿಮೆ ಇದ್ದರೆ ಹಿಂದಿನ ಜೋಡಿಯನ್ನೇ ಮೊದಲು ತೆಗೆದುಕೊಳ್ಳಿ.

ಇದು ಜರ್ಮನ್ ಕಾರಿನವರ ತಲೆನೋವು ಎಂದು ಬಿಡಬೇಡಿ. ಇನ್ನೋವಾ ಕ್ರಿಸ್ಟಾ, ಟೂ ವೀಲ್ ಡ್ರೈವ್ ಫಾರ್ಚೂನರ್, ಟೂ ವೀಲ್ ಡ್ರೈವ್ ಸ್ಕಾರ್ಪಿಯೋ-ಎನ್, ಎಲ್ಲ ಹಿಂದಿನಿಂದಲೇ ತಳ್ಳುವವು. ಫಾರ್ಚೂನರ್ ಡೀಸೆಲ್ ಆಟೋಮ್ಯಾಟಿಕ್‌ನ ಟಾರ್ಕ್ 500 ನ್ಯೂಟನ್ ಮೀಟರ್. ಹಿಂದೆ ಮೋಟರ್ ಇರುವ ಎಲೆಕ್ಟ್ರಿಕ್ ಕಾರಿನಲ್ಲಿ ಇನ್ನೊಂದು ಕಿರಿಕಿರಿ: ಕಾಲು ಪೂರ್ತಿ ಬಿಟ್ಟರೆ ರೀಜನ್ ಬ್ರೇಕ್ (ಮೋಟರೇ ಚಕ್ರವನ್ನು ತಡೆದು ಬ್ಯಾಟರಿ ತುಂಬಿಸುವುದು) ಹಿಂದಿನ ಚಕ್ರವನ್ನಷ್ಟೇ ಹಿಡಿಯುತ್ತದೆ, ತಿರುವಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದ ಹಾಗೆ. ಮಳೆಯಲ್ಲಿ ಅದನ್ನು ಕಡಿಮೆ ಹಂತದಲ್ಲಿಡಿ.

ಹಿಂಬದಿ ಜಾರಿತು ಅನ್ನಿಸಿದರೆ ಕಾಲನ್ನು ತಟ್ಟನೆ ಎತ್ತಬೇಡಿ. ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಇನ್ನೂ ಹಗುರಾಗುತ್ತದೆ. ಮೆಲ್ಲಗೆ ಸಡಿಲಿಸಿ, ಹೋಗಬೇಕಾದ ಕಡೆ ನೋಡಿ, ಸ್ಟೇರಿಂಗನ್ನೂ ಅತ್ತಲೇ ತಿರುಗಿಸಿ. ಹಿಡಿತ ಬಂದ ಕ್ಷಣ ಸ್ಟೇರಿಂಗ್ ನೇರ ಮಾಡಲು ತಡವಾದರೆ ಕಾರು ಇನ್ನೊಂದು ಬದಿಗೆ ಬೀಸುತ್ತದೆ, ಆ ಎರಡನೇ ಬೀಸು ಮೊದಲನೆಯದಕ್ಕಿಂತ ಜೋರು. ಪೂರ್ತಿ ತಿರುಗಿಯೇ ಹೋಯಿತು ಅಂದರೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯುವುದೊಂದೇ ಉಳಿದದ್ದು.

‘ಇಎಸ್‌ಸಿ ಇತ್ತಲ್ಲ, ಅದೇಕೆ ಕಾಪಾಡಲಿಲ್ಲ?’ ಎಂದು ಕೇಳಬಹುದು. ಕಾರು ಜಾರಿದಾಗ ಚಕ್ರಗಳಿಗೆ ತಾನೇ ಬ್ರೇಕ್ ಹಾಕಿ ನೇರ ಮಾಡುವ ವ್ಯವಸ್ಥೆ ಅದು. ವೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಸ್ಟೇರಿಂಗ್ ಆಂಗಲ್ ಸೆನ್ಸರನ್ನು ಸ್ಕ್ಯಾನರ್ ಹಾಕಿ ಸೊನ್ನೆಗೆ ತಂದಿರಲಿಲ್ಲ. ಸ್ಟೇರಿಂಗ್ ಎತ್ತ ಇದೆ ಎಂದೇ ಗೊತ್ತಾಗದೆ ಇಎಸ್‌ಸಿ ತಾನೇ ಆಫ್ ಆಗಿ ಕೂತಿತ್ತು. ಜಾರುವ ಕಾರಿನ ಚಿತ್ರದ ಹಳದಿ ದೀಪ ಎರಡು ವಾರದಿಂದ ಉರಿಯುತ್ತಿದ್ದರೂ ‘ಓಡ್ತಾ ಇದೆಯಲ್ಲ’ ಎಂದು ಬಿಟ್ಟಿದ್ದರು. ಸೆಕೆಂಡ್‌ಹ್ಯಾಂಡ್ ನೋಡುವವರು ಇಗ್ನಿಷನ್ ಹಾಕಿದಾಗ ಆ ದೀಪ ಒಮ್ಮೆ ಹೊತ್ತಿ ಆರುತ್ತದೆಯೇ ಎಂದು ಗಮನಿಸಿ. ಹೊತ್ತದೇ ಇದ್ದರೆ ಯಾರೋ ಅದನ್ನು ಮುಚ್ಚಿಟ್ಟಿರಬಹುದು. ಆಮೇಲೆ ಕಾರಿನ ಹಿಂದೆ ಮೊಣಕಾಲೂರಿ ಕೂತು, ಮೊಬೈಲ್ ಟಾರ್ಚ್ ಹಾಕಿ, ಎರಡೂ ಹಿಂದಿನ ಟಯರಿನ ಒಳ ಅಂಚಿಗೆ ಬೆರಳು ಸವರಿ ನೋಡಿ. ಹೊರಗಿನಿಂದ ಚೆನ್ನಾಗಿ ಕಾಣುವ ಟಯರ್ ಅಲ್ಲಿ ಬೋಳಾಗಿರುತ್ತದೆ.